ಟೀವಿಯಲ್ಲಿ ಜಾರಿಬಿದ್ದ ಒಂದು ‘ಬೇ’

ಧಪ್.

ವಿಜಯಪುರದ ಜೋರಾಪುರ ಪೇಟೆಯ ನಮ್ಮ ಮನೆಯ ಮಾಳಿಗೆಯ ಮೇಲಿಂದ ಸಂಜೆ ಹೊತ್ತು ಆ ಸದ್ದು ಬಂತೆಂದರೆ ನನ್ನ ತಮ್ಮ ಮಲ್ಲು ಸತ್ತ ಎಂದು ಅರ್ಥ. ಮಣ್ಣಿನ ಮಾಳಿಗೆ. ಅವನು ಮೇಲೆ ಬಿದ್ದರೆ ಕೆಳಗೆ ಅಡುಗೆಮನೆಯಲ್ಲಿ ತೊಲೆಗಳ ಸಂದಿಯಿಂದ ಸಣ್ಣಗೆ ಮಣ್ಣು ಉದುರುತ್ತಿತ್ತು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಮೇಲೆ ಸೆರಗು ಮುಚ್ಚಿ, ತಲೆಯೆತ್ತಿ ಕೂಗುತ್ತಿದ್ದಳು: “ಲೇ ಮಲ್ಲ್ಯಾ, ಸತ್ತದ್ದು ಸಾಕು, ಕೆಳಗ ಇಳದು ಬಾ! ರೊಟ್ಟಿ ಆರಾಕತ್ತಾವ!”

ಮೊನ್ನೆ ನಮ್ಮ ಮೇಲಿನ ಮನೆಯವರ ಕೈಯಿಂದ ಅದೇನು ಜಾರಿತೋ, ಥೇಟ್ ಅದೇ ಸದ್ದು. ಈಗಿನದು ಆರ್‌ಸಿಸಿ ಸ್ಲ್ಯಾಬು, ಮಣ್ಣು ಉದುರುವ ಪ್ರಶ್ನೆಯೇ ಇಲ್ಲ. ಆದರೂ ನಾನು ಓದುತ್ತಿದ್ದ ಪೇಪರನ್ನು ಚಹಾದ ಕಪ್ಪಿನ ಮೇಲೆ ಮುಚ್ಚಿದೆ. ನಮ್ಮ ಯಜಮಾನರು ಕನ್ನಡಕದ ಮೇಲಿಂದ ನೋಡಿ, “ಏನಾತ?” ಎಂದರು. “ನಥಿಂಗ್” ಎಂದೆ. ನನಗೆ ಗಾಬರಿಯಾದಾಗ ಇಂಗ್ಲಿಷ್ ಬರುತ್ತದೆ ಎನ್ನುವುದು ಅವರಿಗೆ ಗೊತ್ತು.

ಇದೊಂದು ಕಾನ್ವೆಂಟ್ ಕಾಯಿಲೆ. ನಮ್ಮ ಸಿಸ್ಟರ್‌ಗಳು ಆಟದ ಮೈದಾನದಲ್ಲೂ ಕನ್ನಡ ಮಾತಾಡಲು ಬಿಡುತ್ತಿರಲಿಲ್ಲ. ಬಿದ್ದು ಮೊಳಕಾಲು ತರಚಿಕೊಂಡರೂ ಇಂಗ್ಲಿಷಿನಲ್ಲೇ ಅಳಬೇಕು. ಒಮ್ಮೆ ಗೋಳಗುಮ್ಮಟದ ಹತ್ತಿರ ನಾಯಿಯೊಂದು ಅಟ್ಟಿಸಿಕೊಂಡು ಬಂದಾಗ ನಾನು ಅದಕ್ಕೆ “ಎಕ್ಸ್‌ಕ್ಯೂಸ್ ಮೀ! ಎಕ್ಸ್‌ಕ್ಯೂಸ್ ಮೀ!” ಎಂದು ಕೂಗುತ್ತ ಓಡಿದ್ದೆ. ಹಿಂದಿನಿಂದ ಮಲ್ಲು “ಹಚಾ!” ಎಂದ. ನಾಯಿ ನಿಂತಿತು. ಕನ್ನಡ ಸಾಲಿಯ ಹುಡುಗ ಅವನು. ಅಪ್ಪನಿಗೆ ಮಗಳು ಇಂಗ್ಲಿಷ್ ಕಲಿಯಲಿ ಎಂಬ ಹುಚ್ಚು, ಮಗ ಅಂಗಡಿಯ ಗಲ್ಲೆಯ ಮೇಲೆ ಕೂಡಲಿ ಎಂಬ ಲೆಕ್ಕ. ಮಗಳ ಇಂಗ್ಲಿಷ್ ನಾಯಿಗೂ ತಿಳಿಯಲಿಲ್ಲ. ಮಗ ಅಂಗಡಿಯಲ್ಲಿ ಜೋಳದ ಚೀಲದ ಮೇಲೆ ಬಿದ್ದು ಸಾಯುವುದನ್ನು ರೂಢಿ ಮಾಡಿಕೊಂಡ.

ಎಷ್ಟು ಬಗೆಯಲ್ಲಿ ಸಾಯುತ್ತಿದ್ದ ಅಂತೀರಿ! ಕತ್ತಿ ತಿವಿದು, ವಿಷ ಕುಡಿದು, ಹಾವು ಕಚ್ಚಿ. ಹಾವು ಕಚ್ಚಿದ್ದು ಅವನಿಗೆ ಬಹಳ ಇಷ್ಟ, ಏಕೆಂದರೆ ಅದರಲ್ಲಿ ಸಾಯಲು ಸಾಕಷ್ಟು ಹೊತ್ತು ಸಿಗುತ್ತಿತ್ತು. ಊರಿಗೆ ನಾಟಕ ಕಂಪನಿ ಬಂದಾಗ ತಂಬುವಿನ ಹಿಂಬದಿಯಿಂದ ನುಸುಳಿ ನೋಡಿಬಂದು ಮರುದಿನ ಮಾಳಿಗೆಯ ಮೇಲೆ ಅಷ್ಟೂ ಜನರ ಸಾವನ್ನು ಒಬ್ಬನೇ ಸಾಯುತ್ತಿದ್ದ. ಕೊನೆಗೆ ಕಾಲೇಜು ಅರ್ಧಕ್ಕೆ ಬಿಟ್ಟು ಅಂಥದೇ ಒಂದು ಕಂಪನಿ ಸೇರಿಕೊಂಡು, ಅಲ್ಲಿಂದ ಸಿನಿಮಾಕ್ಕೆ ಹೋದ.

ಸಿನಿಮಾಕ್ಕೆ ಹೋದ ಎಂದರೆ ನೀವು ಏನೇನೋ ಕಲ್ಪಿಸಿಕೊಳ್ಳಬೇಡಿ. ಡಕಾಯಿತನ ಬಲಗಡೆ ನಿಲ್ಲುವವನ ಪಕ್ಕದವನು. ತಂತಿ ತಂದುಕೊಡುವ ಪೋಸ್ಟ್‌ಮನ್. “ಇನ್ನೆಲ್ಲ ದೇವರ ಕೈಯಲ್ಲಿದೆ” ಎಂದು ಕನ್ನಡಕ ತೆಗೆಯುವ ಡಾಕ್ಟರು. ಎಲ್ಲ ಮುಗಿದ ಮೇಲೆ ಬರುವ ಇನ್‌ಸ್ಪೆಕ್ಟರು. ಮೊದಲ ಸಿನಿಮಾ ವಿಜಯಪುರಕ್ಕೆ ಬಂದಾಗ ನಾವು ಮನೆಮಂದಿಯೆಲ್ಲ ಟಾಂಗಾ ಮಾಡಿಕೊಂಡು ಹೋಗಿದ್ದೆವು. ಟೈಟಲ್ ಕಾರ್ಡಿನಲ್ಲಿ ಹೆಸರು ಹುಡುಕಿ ಹುಡುಕಿ ಅಪ್ಪನ ಕಣ್ಣು ನೋಯಿತು. ಮಲ್ಲು ಊರಿಗೆ ಬಂದಾಗ ಅಪ್ಪ ಕೇಳಿದರು, “ನಿನ್ನ ಹೆಸರ ಎಲ್ಲಿ ಹಾಕಿದ್ರಲೇ?”

“ಕಡೀಕ ‘ಮತ್ತಿತರರು’ ಅಂತ ಬಂತಲ್ಲ ಅಪ್ಪಾ? ಅದು ನಾನ.”

ಅಪ್ಪ ನಗಲಿಲ್ಲ. ಅವ್ವ ಮಾತ್ರ ಬಹಳ ದಿನ ಅದೇ ಅವನ ಸಿನಿಮಾ ಹೆಸರೆಂದು ತಿಳಿದಿದ್ದಳು. ತಿಕೋಟಾದ ಬೀಗರ ಮುಂದೆ, “ನಮ್ಮ ಮಲ್ಲೂನ ಹೆಸರ ಎಲ್ಲಾ ಸಿನಿಮಾದಾಗೂ ಬರತೈತ್ರಿ” ಎಂದು ಹೇಳಿಯೂ ಬಂದಿದ್ದಳು. ಟು ಬಿ ಫ್ರಾಂಕ್, ಅದೇನು ಸುಳ್ಳಲ್ಲ.

ಅವನ ಕಷ್ಟ ನಟನೆಯದಲ್ಲ, ನಾಲಿಗೆಯದು. ಬೆಂಗಳೂರಿಗೆ ಹೋದ ಹೊಸದರಲ್ಲಿ ಕೋರ್ಟ್ ಸೀನಿನಲ್ಲಿ ವಕೀಲನಾಗಿ ನಿಂತು “ಸಾಕ್ಷಿ ಸುಳ್ಳ ಹೇಳಾಕತ್ತಾನ್ರಿ” ಎಂದನಂತೆ. ಲೈಟ್ ಹಿಡಿದವರೂ ನಕ್ಕರಂತೆ. ನಮ್ಮ ಮಾತಿಗೆ ಅಲ್ಲಿ ನಗುವ ಪಾತ್ರ ಮಾತ್ರ ಕೊಡುತ್ತಾರೆ. ಅಳುವ ಪಾತ್ರ, ತೀರ್ಪು ಕೊಡುವ ಪಾತ್ರ ಬೇಕೆಂದರೆ ಮಾತು ಬದಲಿಸಬೇಕು. ಹಟ ತೊಟ್ಟು ಕಲಿತ. ಸಿಟಿ ಬಸ್ಸಿನಲ್ಲಿ ಹೆಂಗಸರ ಮಾತು, ಹೋಟೆಲಿನಲ್ಲಿ ರಿಟೈರ್ಡ್ ಮೇಷ್ಟ್ರುಗಳ ಮಾತು ಕದ್ದು ಕೇಳಿ ಕಲಿತ. ಒಂದು ವರ್ಷ ಮುಗಿಯುವುದರೊಳಗೆ ಅವನ ಬಾಯಲ್ಲಿ ನಮ್ಮ ಊರಿನ ಧೂಳಿನ ಕಣವೂ ಉಳಿದಿರಲಿಲ್ಲ. ಹಾಗೆಂದು ಮನೆಗೆ ಬಂದಾಗ ಒಂದು ದಿನವೂ ನಮ್ಮ ಮುಂದೆ ಆ ಭಾಷೆ ಆಡಲಿಲ್ಲ. ಕೇಳಿದರೆ, “ಅದು ಇಸ್ತ್ರಿ ಅಂಗಿ ಅಕ್ಕಾ. ಕೆಲಸ ಮುಗದ ಮ್ಯಾಲ ಬಿಚ್ಚಿ ಗೂಟಕ್ಕ ಹಾಕೋದು” ಎನ್ನುತ್ತಿದ್ದ.

ಆಮೇಲೆ ಸೀರಿಯಲ್ಲುಗಳು ಬಂದವು, ಅವನ ಕೂದಲು ಬೆಳ್ಳಗಾಯಿತು, ಎರಡೂ ಒಂದಕ್ಕೊಂದು ಕೂಡಿಬಂದವು. ತಂದೆಯಾದ, ಮಾವನಾದ, ಅಜ್ಜನಾದ. ಸೀರಿಯಲ್ಲಿನ ತಂದೆಯರಿಗೆ ಒಂದು ಗಂಡಾಂತರವಿದೆ, ನೀವು ಗಮನಿಸಿರಬೇಕು. ಡೇಟ್ಸ್ ಹೊಂದಲಿಲ್ಲ ಎಂದರೆ ಮುಂದಿನ ವಾರ ಗೋಡೆಯ ಮೇಲೆ ಫೋಟೋ, ಫೋಟೋಕ್ಕೆ ಹಾರ. ಮೊದಲ ಸಲ ಮಲ್ಲೂನ ಫೋಟೋಕ್ಕೆ ಹಾರ ಬಿದ್ದಾಗ ಅವ್ವ ಇನ್ನೂ ಇದ್ದಳು. ಎದ್ದು ಹೋದವಳು ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಂದು ಟೀವಿಗೆ ನಿವಾಳಿಸಿದಳು. “ಅವ್ವಾ, ಡೋಂಟ್ ಬಿ ಸಿಲ್ಲಿ” ಎಂದೆ ನಾನು. “ನೀ ಸುಮ್ಮನಿರ. ಬದಕಿದ್ದ ಮಗನ ಪಟಕ್ಕ ಹಾರ ಹಾಕ್ತಾರ, ಅವರ ಕೈಗೆ ಹುಳ ಬೀಳಲಿ!” ಒಲೆಯಲ್ಲಿ ಮೆಣಸಿನಕಾಯಿ ಘಾಟಾಗದೆ ಸುಟ್ಟವು. ನೋಡು, ಎಷ್ಟು ದೃಷ್ಟಿ ಇತ್ತು ಎಂದಳು. ನಾನು ಕಾನ್ವೆಂಟಿನ ನಗು ನಕ್ಕೆ. ಆದರೆ ಆವತ್ತಿನಿಂದ ಅವನ ಸೀರಿಯಲ್ ಶುರುವಾದಾಗಲೆಲ್ಲ ಹಿಂದಿನ ಗೋಡೆಯ ಮೇಲೆ ಹೊಸ ಮೊಳೆ ಹೊಡೆದಿದ್ದಾರೆಯೇ ಎಂದು ನೋಡುವ ಚಟ ನನಗೂ ಹತ್ತಿತು.

ಈ ಚಟಕ್ಕಿಂತ ದೊಡ್ಡ ದಿಗಿಲು ಹೋದ ವರ್ಷ ಬಂತು. ಅದು ಬಂದದ್ದು ಎರಡಕ್ಷರದ ಮಾತಿನಲ್ಲೂ ಅಲ್ಲ, ಒಂದೇ ಅಕ್ಷರದಲ್ಲಿ.

ಆ ಸೀರಿಯಲ್ಲಿನಲ್ಲಿ ಅವನದು ಮೈಸೂರಿನ ದೊಡ್ಡ ಮನೆಯ ಅಜ್ಜನ ಪಾತ್ರ. ರಿಟೈರ್ಡ್ ಹೆಡ್‌ಮಾಸ್ಟರ್. ಬಿಳಿ ಪಂಚೆ, ಮೆತ್ತನೆಯ ಮಾತು. ದಿನಾ ಸಂಜೆ ನಾನು ನೋಡಲೇಬೇಕು. ನಮ್ಮ ಯಜಮಾನರು ಕ್ರಿಕೆಟ್ ಬಿಟ್ಟುಕೊಟ್ಟು ತ್ಯಾಗಿಯ ಮುಖ ಮಾಡಿ ಕೂಡಬೇಕು. ಆ ದಿನ ಮನೆಯ ಸೊಸೆ ಎಲ್ಲರಿಗೂ ಬಡಿಸಿ ಮುಗಿಸಿ ಅಡುಗೆಮನೆಯ ಬಾಗಿಲಲ್ಲಿ ಬೆವರೊರೆಸುತ್ತ ನಿಂತಿರುತ್ತಾಳೆ. ಅಜ್ಜ “ನಿನ್ನ ಊಟ ಆಯ್ತೇನಮ್ಮ?” ಎನ್ನಬೇಕು. ಅಷ್ಟೇ ಅವನ ಮಾತು. ಮಲ್ಲು ಅವಳ ಕಡೆ ತಿರುಗಿದ. ಸ್ವಲ್ಪ ಹೊತ್ತು ನೋಡಿದ.

“ಉಂಡ್ಯೇನ ಬೇ?”

ಸೊಸೆಯಾಗಿದ್ದ ಹುಡುಗಿ ಕಿಸಕ್ಕನೆ ನಕ್ಕುಬಿಟ್ಟಳು. ಆ ನಗು ನಿಜವಾದದ್ದು. ಅದಕ್ಕೇ ಅವರು ಹಾಗೇ ಉಳಿಸಿಕೊಂಡಿದ್ದರು. ನಮ್ಮವರು ತೊಡೆ ತಟ್ಟಿ, “ಭಲೇ ನಮ್ಮ ಭಾವಮೈದುನ! ಮೈಸೂರಾಗ ವಿಜಾಪುರ ಹೊಕ್ಕಿಸಿದ ನೋಡ!” ಎಂದರು. ನಾನು ಮೊಬೈಲ್ ಹುಡುಕತೊಡಗಿದೆ.

ನಿಮಗೆ ಇದನ್ನು ಹೇಗೆ ತಿಳಿಸಿ ಹೇಳಲಿ? ‘ಬೇ’ ನಮ್ಮ ಕಡೆ ಮನೆಯ ಹೆಂಗಸರಿಗೆ, ಅದರಲ್ಲೂ ತಾಯಿಗೆ, ಸಲಿಗೆಯಿಂದ ಅನ್ನುವ ಮಾತು. ನಮ್ಮ ಮನೆಯಲ್ಲಿ ಅವ್ವ ಎಲ್ಲರಿಗೂ ಉಣ್ಣಲಿಕ್ಕಿ ಒಲೆಯ ಮುಂದೆ ಒಬ್ಬಳೇ ಕೂತಾಗ, ಅವಳು ಉಂಡಳೋ ಬಿಟ್ಟಳೋ ಎಂದು ಅಪ್ಪನಾಗಲಿ ನಾನಾಗಲಿ ಕೇಳಿದವರಲ್ಲ. ಮಲ್ಲು ಒಬ್ಬನೇ ಕೈ ತೊಳೆದು ಬರುವಾಗ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಇದೇ ಮಾತು. ಇದೇ ರಾಗ. ನಲವತ್ತು ವರ್ಷಕ್ಕೂ ಮಿಕ್ಕಿ ಇಸ್ತ್ರಿ ಅಂಗಿ ತೊಟ್ಟು ನಿಂತಲ್ಲಿ ಒಂದು ಗುಂಡಿ ಕಳಚಿದವನಲ್ಲ. ಈಗ ಆ ಬಾಗಿಲಲ್ಲಿ ಅವನು ನೋಡಿದ್ದು ಯಾರನ್ನು?

ಫೋನ್ ಮಾಡಿದೆ. “ಏನಪಾ, ಇವತ್ತ ಹೊಸಾ ಡೈಲಾಗ್?” ಎಂದೆ, ಆದಷ್ಟು ಹಗುರವಾಗಿ.

“ಯಾವ್ದು?”

“ಉಂಡ್ಯೇನ ಬೇ ಅಂದೆಲ್ಲಾ.”

“ಹಂಗಂದ್ನೇನ ಅಕ್ಕಾ ನಾ?” ಎಂದ.

ಅವನಿಗೆ ಗೊತ್ತೇ ಇರಲಿಲ್ಲ.

ಜನಕ್ಕೆ ಅದು ಎಷ್ಟು ಹಿಡಿಸಿತೆಂದರೆ, ಕಥೆ ಬರೆಯುವವರು ಮುಂದಿನ ವಾರವೇ ಮೈಸೂರಿನ ಅಜ್ಜ ಹುಟ್ಟಿದ್ದು ವಿಜಯಪುರದ ಕಡೆ ಎಂದು ಮಾಡಿಬಿಟ್ಟರು. ತರಕಾರಿ ಮಾರುವವಳು ನನ್ನನ್ನು ನಿಲ್ಲಿಸಿ, “ನಿಮ್ಮ ತಮ್ಮಾರು ನಮ್ಮ ಮಾತಾಡ್ತಾರ್ರೀ ಈಗ, ಕೇಳಾಕ ಚೊಲೊ ಅನಸ್ತೈತಿ” ಎಂದಳು. ನಾನು ನಗುತ್ತ ಬದನೆಕಾಯಿ ಆರಿಸಿದೆ. ಹುಳುಕು ಬದನೆಕಾಯಿ ಎಂದು ಮನೆಗೆ ಬಂದ ಮೇಲೆ ತಿಳಿಯಿತು.

ಅಲ್ಲಿಂದ ನಾನು ಸೀರಿಯಲ್ ನೋಡುವುದು ಬಿಟ್ಟು ಅವನನ್ನು ನೋಡತೊಡಗಿದೆ. ಮಾತಿಗೆ ಮುಂಚೆ ನಿಂತನೇ? ಅದು ಪಾತ್ರದ ನಿಲುಗಡೆಯೇ, ಇವನದೇ? ಮೊಮ್ಮಗನ ಹೆಸರು ಹೇಳದೆ ‘ಮರೀ’ ಎಂದನಲ್ಲ, ಬರೆದಿದ್ದೇ ಹಾಗೋ, ಹೆಸರು ಸಿಗಲಿಲ್ಲವೋ? ಅವನು ಬಾಯಿ ತೆರೆಯುವ ಮೊದಲು ನನ್ನ ತುಟಿ ಅಲುಗುತ್ತಿತ್ತು, ಮಾತು ನಾನೇ ಎತ್ತಿಕೊಡುವಂತೆ. “ಅದು ಆ್ಯಕ್ಟಿಂಗ್ ಐತಿ. ನೀ ಯಾಕ ಬೆವರಾಕತ್ತಿ?” ಎನ್ನುತ್ತಿದ್ದರು ನಮ್ಮವರು. “ಐ ಆ್ಯಮ್ ಫೈನ್” ಎನ್ನುತ್ತಿದ್ದೆ. ಆಗ ಅವರು ಎದ್ದು ಹೋಗಿ ನನ್ನ ಬೀಪಿ ಗುಳಿಗೆ, ನೀರು ತರುತ್ತಿದ್ದರು. ಅವನ ಹೆಂಡತಿ ಗಿರಿಜಾ ಬಬಲೇಶ್ವರದವಳು, ಒಳಗಿದ್ದದ್ದನ್ನು ಹೊರಗೆ ಬಿಡುವ ಪೈಕಿಯಲ್ಲ. ಕೇಳಿದರೆ “ಆರಾಮ ಅದಾರ ಅಕ್ಕಾರ” ಎನ್ನುವಳು. ಆ ‘ಆರಾಮ’ವನ್ನು ಎಷ್ಟು ಜಗ್ಗಿ ಹೇಳಿದಳು, ಎಷ್ಟು ಚುಟುಕಾಗಿ ಹೇಳಿದಳು ಎಂದು ನಾನು ಫೋನಿಟ್ಟ ಮೇಲೆ ತೂಗುತ್ತ ಕೂಡುತ್ತಿದ್ದೆ.

ಸಮಾಧಾನಕ್ಕೆ ಒಂದು ಥಿಯರಿ ಕಟ್ಟಿಕೊಂಡಿದ್ದೆ. ನಾವು ವಯಸ್ಸಾದವರು ಇಂಥವನ್ನು ಕಟ್ಟಿಕೊಳ್ಳುವುದರಲ್ಲಿ ಎಕ್ಸ್‌ಪರ್ಟ್ಸ್. ಮರೆವು ಬಂದರೆ ಮೊದಲು ಹೋಗುವುದು ಕಡೆಗೆ ಕಲಿತದ್ದು, ಅಲ್ಲವೇ? ಗೂಡೆಯಲ್ಲಿ ಮೇಲಿಟ್ಟದ್ದೇ ಮೊದಲು ಕೈಗೆ ಬರುವುದು. ಅವನ ಬೆಂಗಳೂರು ಕನ್ನಡ ಹೋಗಲಿ, ಪಾತ್ರಗಳ ಹೆಸರು ಹೋಗಲಿ, ಡೈರೆಕ್ಟರುಗಳು ಹೋಗಲಿ. ತಳದಲ್ಲಿ ಮಾಳಿಗೆ, ಜೋಳದ ಚೀಲ, ಅವ್ವ, ಅಪ್ಪ ಇರುತ್ತಾರೆ. ಅವರ ಪಕ್ಕದಲ್ಲೇ ಎರಡು ಜಡೆಯ ನಾನಿರುತ್ತೇನೆ. ಅವನು ಹುಟ್ಟುವ ಮೊದಲೇ ಈ ಮನೆಯಲ್ಲಿದ್ದವಳು ನಾನು. ನನ್ನವರೆಗೆ ಬರಬೇಕಾದರೆ ಅದಕ್ಕೆ ಇನ್ನೂ ಬಹಳ ದಿನ ಬೇಕು. ಹೀಗೆ ಲೆಕ್ಕ ಹಾಕಿ ನಿದ್ದೆ ಮಾಡುತ್ತಿದ್ದೆ.

ಅಜ್ಜ ಹುಟ್ಟಿದ ಊರನ್ನು ತೋರಿಸಲೆಂದು ಸೀರಿಯಲ್ಲಿನವರು ತಿಕೋಟಾಕ್ಕೇ ಬಂದರು. ಒಣದ್ರಾಕ್ಷಿಯ ಕಾಲ. ಯೂನಿಟ್ಟೆಲ್ಲ ವಿಜಯಪುರದ ಹೋಟೆಲಿನಲ್ಲಿ. ಮಲ್ಲು ಒಂದು ಮಧ್ಯಾಹ್ನ ಗಿರಿಜಾಳ ಜೊತೆ ನಮ್ಮಲ್ಲಿಗೆ ಊಟಕ್ಕೆ ಬಂದ. ನಾನು ಮುಂಜಾನೆಯಿಂದ ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಂದು ಒಲೆಗೆ ಅಂಟಿಕೊಂಡಿದ್ದೆ. ಬಂದವನು ಹೊಸ್ತಿಲಲ್ಲೇ, “ಅಕ್ಕಾ, ಇನ್ನೂ ದಪ್ಪ ಆಗೀದಿ ನೋಡ. ಒಣದ್ರಾಕ್ಷಿ ತಿನ್ನು, ನೀನೂ ಹಂಗ ಒಣಗತಿ” ಎಂದ. ಥೇಟ್ ಅವನೇ! ನನ್ನ ಜೀವ ಬಂದು ಜಾಗದಲ್ಲಿ ಕೂತಿತು.

ಉಂಡ ಮೇಲೆ ಗಿರಿಜಾ ಪಾತ್ರೆ ಎತ್ತಲು ಒಳಗೆ ಹೋದಳು. ನಮ್ಮವರು ಎಲೆಯಡಿಕೆಗೆಂದು ಹೊರಗೆ ಹೋದರು. ಅವನು ಕುರ್ಚಿ ನನ್ನ ಹತ್ತಿರಕ್ಕೆ ಎಳೆದುಕೊಂಡ.

“ಡಾಕ್ಟರು ಅದಕ್ಕೊಂದು ಹೆಸರ ಹೇಳ್ಯಾರಕ್ಕಾ. ಉದ್ದನ್ನ ಹೆಸರ.” ನೆನಪಿಸಿಕೊಳ್ಳುವವನಂತೆ ಮೇಲೆ ನೋಡಿ, ನಕ್ಕ. “ಅದೂ ಮರತೇನಿ, ನೋಡ!”

ನಾನು ನಗಬೇಕೋ ಅಳಬೇಕೋ ತಿಳಿಯದೆ, “ಓ ಮೈ ಗಾಡ್, ಮಲ್ಲೂ” ಎಂದೆ.

“ಇಂಗ್ಲಿಷಿನ್ಯಾಗ ಅಂಜಬ್ಯಾಡ. ಕೇಳಿಲ್ಲೆ. ನನಗ ಕೆಲಸ ಬಿಡಾಕ ಆಗಂಗಿಲ್ಲ. ಬಿಟ್ಟ ಮನ್ಯಾಗ ಕುಂತ್ನೆಂದ್ರ ಉಳಿದದ್ದೂ ಹೋಗತೈತಿ. ಅಲ್ಲಿ ನಿಂತಾಗ ಯಾರರ ಒಬ್ಬರು ನನಗ ‘ನೀ ಇಂಥಾವ, ಹಿಂಗ ಬಾ, ಹಿಂಗ ಹೋಗು’ ಅಂತ ಹೇಳತಾರ. ಅಷ್ಟ ಸಾಕ ನನಗ.”

“ಡೈರೆಕ್ಟರಿಗೆ ಹೇಳಬೇಕಲ್ಲೋ? ಎಲ್ಲಾರ ಮುಂದ ಒಂದ ದಿನ...”

“ಹೇಳಿದ್ರ ನಾಳೆನ ಪಟಕ್ಕ ಹಾರ ಹಾಕ್ತಾರ. ನೀನೂ ಹೇಳಬ್ಯಾಡ. ಹೇಳಂಗಿಲ್ಲ ಅಂತ ನನ್ನ ಕೈಮ್ಯಾಲ ಕೈ ಇಡು.” ಅವನ ಕೈ ಚಾಚಿತ್ತು. “ನಾ ಮರತದ್ದು ನಿನಗ ಗೊತ್ತಾಗ್ಲಿ. ಅವರಿಗೆ ಆ್ಯಕ್ಟಿಂಗ್ ಅನಸ್ಲಿ. ಅಷ್ಟ ಮಾಡು ಅಕ್ಕಾ.”

ಕೈ ಇಟ್ಟೆ. ಮತ್ತೇನು ಮಾಡಲಿ, ನೀವೇ ಹೇಳಿ.

ಮರುದಿನ ಬುತ್ತಿ ಕಟ್ಟಿಕೊಂಡು ತಿಕೋಟಾದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ದ್ರಾಕ್ಷಿ ಪಡಗಳು, ಹಸಿರು ಬಲೆ ಇಳಿಬಿಟ್ಟ ಶೆಡ್ಡುಗಳು. ಅಂಥದೊಂದು ಶೆಡ್ಡಿನಲ್ಲೇ ಶೂಟಿಂಗ್. ತಂತಿಯ ಬಲೆಗಳ ಮೇಲೆ ಹಂತಹಂತವಾಗಿ ದ್ರಾಕ್ಷಿ ಹರವಿದ್ದರು. ಹುಳಿ ಮಿಶ್ರಿತ ಸಿಹಿ ವಾಸನೆಗೆ ತಲೆ ತಿರುಗುತ್ತಿತ್ತು. ಅಥವಾ ನನಗೆ ಹಾಗೇ ತಿರುಗುತ್ತಿತ್ತೋ ಏನೋ. ಡೈರೆಕ್ಟರ್ ಒಬ್ಬ ಚುರುಕು ಹುಡುಗಿ, ನನ್ನನ್ನು “ಆಂಟೀ, ಕಮ್ ಕಮ್” ಎಂದು ತನ್ನ ಟೀವಿ ಪರದೆಯ ಮುಂದೆಯೇ ಕೂಡಿಸಿದಳು. ಸೀರಿಯಲ್ಲುಗಳಲ್ಲಿ ಯಾರೂ ಮಾತು ಬಾಯಿಪಾಠ ಮಾಡುವುದಿಲ್ಲವಂತೆ. ಕ್ಯಾಮೆರಾದ ಪಕ್ಕ ಒಬ್ಬ ಹುಡುಗಿ ನಿಂತು ಸಾಲುಸಾಲಾಗಿ ಹೇಳಿಕೊಡುತ್ತಾಳೆ, ಇವರು ಆಡುತ್ತಾರೆ. ಪ್ರಾಂಪ್ಟಿಂಗ್. ನನಗೆ ಅದನ್ನು ಕೇಳಿ ಎಷ್ಟು ಹಾಯೆನಿಸಿತು! ಮರೆತರೂ ಹೇಳಿಕೊಡುವವರಿದ್ದಾರಲ್ಲ.

ಆ ಹಾಯಿ ಬಹಳ ಹೊತ್ತು ಉಳಿಯಲಿಲ್ಲ. ಬೆಂಗಳೂರಿನಲ್ಲಿ ಕೂತು ನಮ್ಮ ಮಾತು ಬರೆದವರು ಒಂದೇ ಉಪಾಯ ಕಂಡುಕೊಂಡಿದ್ದರು: ಎಲ್ಲ ಸಾಲಿನ ಕೊನೆಗೂ ಒಂದು ‘ಬೇ’. ತೋಟದ ಗೌಡ ಎದುರಿಗೆ ಬರುತ್ತಾನೆ, ಪ್ರಾಂಪ್ಟಿಂಗಿನ ಹುಡುಗಿ, “ಆರಾಮ್ ಇದ್ದೀಯೇನಪ್ಪ ಬೇ?” ಎಂದಳು. ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸರೆಲ್ಲ ಬಾಯಿಗೆ ಸೆರಗು ಹಚ್ಚಿದರು. ಒಬ್ಬಳಂತೂ, “ಯವ್ವಾ, ಗೌಡಗ ಸೀರಿ ಉಡಿಸಿದ್ಲು!” ಎಂದಳು.

ಮಲ್ಲು ಕೈಯೆತ್ತಿ ಶಾಟ್ ನಿಲ್ಲಿಸಿದ. “ತಂಗೀ, ಗಂಡಸಿಗೆ ಬೇ ಅನ್ನಂಗಿಲ್ಲವಾ. ಇಲ್ಲಿ ಆಡಿದ್ರ ನಗತಾರ, ಟೀವಿಯೊಳಗ ಬಂದ್ರ ಬಡೀಲಿಕ್ಕೇ ಬರತಾರ.” ಎಲ್ಲರೂ ನಕ್ಕರು. ನಾನೂ ನಕ್ಕೆ. ನೋಡಿ, ಅವನಿಗೆ ಯಾರಿಗೆ ಏನನ್ನಬೇಕು ಎಲ್ಲ ನೆನಪಿದೆ ಎಂದುಕೊಂಡೆ.

ಮುಂದಿನದು ದೊಡ್ಡ ಮಾತು. ಅಜ್ಜ ಹರವಿದ ದ್ರಾಕ್ಷಿಯ ನಡುವೆ ನಿಂತು ಸೊಸೆಗೆ ತನ್ನ ಬಾಲ್ಯ ಹೇಳಬೇಕು. ಆ್ಯಕ್ಷನ್ ಎಂದರು. ಹುಡುಗಿ ಮೊದಲ ಸಾಲು ಹೇಳಿಕೊಟ್ಟಳು. ಮಲ್ಲು ಅವಳ ಕಡೆ ನೋಡಿದ, ಅವಳು ಯಾರು ಎಂಬಂತೆ. ಮತ್ತೆ ಹೇಳಿಕೊಟ್ಟಳು, ಸ್ವಲ್ಪ ಜೋರಾಗಿ. ಅವನು ಮುಖ ತಿರುಗಿಸಿದ. ಶೆಡ್ಡಿನ ಬಲೆ ಗಾಳಿಗೆ ಪಟಪಟ ಎನ್ನುತ್ತಿತ್ತು. ಪರದೆಯ ಮೇಲೆ ಅವನ ಮುಖ ತುಂಬಿಕೊಂಡಿತ್ತು; ಆ ಮುಖದಲ್ಲಿ ಯಾವ ಪಾತ್ರವೂ ಇರಲಿಲ್ಲ. ನಾನು ಕುರ್ಚಿಯಿಂದ ಅರ್ಧ ಎದ್ದೆ. ಕೊಟ್ಟ ಮಾತು ಹಾಳಾಗಿ ಹೋಗಲಿ, ನಿಲ್ಲಿಸಿ ಎಂದು ಕೂಗಬೇಕು. ಕೂಗಿದರೆ ಅವನ ಕೆಲಸ ಇವತ್ತಿಗೇ ಮುಗಿಯಿತು. ಕೂಗದಿದ್ದರೆ ಇಷ್ಟು ಜನರ ಮುಂದೆ...

ಅಷ್ಟರಲ್ಲಿ ಅವನು ಬಲೆಯ ಮೇಲಿಂದ ನಾಲ್ಕು ದ್ರಾಕ್ಷಿ ಎತ್ತಿ ಬಾಯಿಗೆ ಹಾಕಿಕೊಂಡ. ನಿಧಾನವಾಗಿ ಅಗಿದ. ಸೊಸೆಯಾಗಿದ್ದ ಹುಡುಗಿಯ ತಲೆಯ ಮೇಲೆ ಕೈಯಿಟ್ಟ.

“ಇನ್ನೂ ಒಣಗಿಲ್ಲ ಬೇ,” ಎಂದ. “ಅವಸರ ಮಾಡಬ್ಯಾಡ. ಇನ್ನ ಸ್ವಲ್ಪ ದಿನಾ ಇರ್ಲಿ.”

“ಕಟ್! ಸರ್, ಸೂಪರ್ ಸರ್!” ಡೈರೆಕ್ಟರ್ ಎದ್ದು ಚಪ್ಪಾಳೆ ತಟ್ಟಿದಳು. ಸೊಸೆಯ ಪಾತ್ರದ ಹುಡುಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಬರೆದಿದ್ದ ದೊಡ್ಡ ಮಾತು ಬೇಡವೇ ಬೇಡ, ಇದೇ ಸಾಕು ಎಂದರು. ನಾನು ಕೂತೆ.

ಊಟದ ಹೊತ್ತಿಗೆ ಬುತ್ತಿ ಬಿಚ್ಚಿ ಅವನಿಗೆ ಬಡಿಸುತ್ತ ಮೆಲ್ಲಗೆ ಕೇಳಿದೆ, “ಮರತಿದ್ದೇನ? ಆ್ಯಕ್ಟ್ ಮಾಡಿದ್ದೇನ?”

ಹೋಳಿಗೆ ಮುರಿಯುತ್ತ ಅವನು ತುಂಟ ನಗೆ ನಕ್ಕ. “ನೀನ ಹೇಳು. ನಿನಗೂ ಗೊತ್ತಾಗ್ಲಿಲ್ಲಂದ್ರ ನಾ ಗೆದ್ದೆ.”

ನನಗೆ ಗೊತ್ತಾಗಿರಲಿಲ್ಲ. ತಡೆಯಲಾರದೆ ಎದ್ದು ಡೈರೆಕ್ಟರ್ ಹುಡುಗಿಯ ಹತ್ತಿರ ಹೋದೆ. ಒಬ್ಬಳಿಗಾದರೂ ಹೇಳಿಬಿಡಬೇಕು, ಅವಳು ಒಳ್ಳೆಯವಳಂತಿದ್ದಾಳೆ, ಜೋಪಾನ ಮಾಡಿಯಾಳು. “ಲುಕ್, ಮೈ ಡಿಯರ್,” ಎಂದು ಶುರುಮಾಡಿದೆ, “ದೇರ್ ಈಸ್ ಸಮ್‌ಥಿಂಗ್ ಯು ಶುಡ್ ನೋ. ಮೈ ಬ್ರದರ್ ಈಸ್... ಮೈ ಬ್ರದರ್ ಈಸ್...” ಆ ಹುಡುಗಿ ತಿನ್ನುವುದು ನಿಲ್ಲಿಸಿ ನನ್ನನ್ನೇ ನೋಡಿದಳು. ಅವನ ಕೈಮೇಲೆ ಇಟ್ಟಿದ್ದ ನನ್ನ ಕೈ ಬೆಚ್ಚಗಾದಂತಾಯಿತು.

“...ಡಯಾಬಿಟಿಕ್,” ಎಂದೆ.

“ಓ, ಡೋಂಟ್ ವರಿ ಆಂಟೀ! ಟೈಮ್‌ಗೆ ಸರಿಯಾಗಿ ಊಟ ಕೊಡಿಸ್ತೀನಿ,” ಎಂದಳು ಪಾಪ. ಆ ದಿನ ಮಧ್ಯಾಹ್ನದಿಂದ ಯೂನಿಟ್ಟಿನವರು ಅವನಿಗೆ ಸಕ್ಕರೆ ಇಲ್ಲದ ಚಹಾ ಕೊಡತೊಡಗಿದರು. “ಯಾವ ದರಿದ್ರ ನನ್ನ ಚಾದಾಗಿನ ಸಕ್ಕರಿ ಕಸಗೊಂಡ?” ಎಂದು ಅವನು ಎಲ್ಲರನ್ನೂ ಬೈಯುತ್ತ ತಿರುಗಿದ. ನಾನು ದ್ರಾಕ್ಷಿಯ ಸಾಲುಗಳನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಂತೆ.

ಬೆಂಗಳೂರಿಗೆ ಹಿಂತಿರುಗಿದ ಮೇಲೆ ಹೆಚ್ಚು ದಿನ ನಡೆಯಲಿಲ್ಲ. ಒಂದು ಮುಂಜಾನೆ ಮೇಕಪ್ ಹಚ್ಚಿಸಿಕೊಂಡು ಸೆಟ್ಟಿನಿಂದ ಹೊರಬಿದ್ದವನು ಬಸ್ ಸ್ಟಾಪಿನಲ್ಲಿ ಹೆಂಡತಿಯ ತವರು ಬಬಲೇಶ್ವರದ ಬಸ್ಸು ಎಷ್ಟೊತ್ತಿಗೆ ಎಂದು ಕೇಳುತ್ತಿದ್ದನಂತೆ. ಗಿರಿಜಾ ಹೋಗಿ ಕೈ ಹಿಡಿದು ಕರೆತಂದಳು, ಮತ್ತೆ ಕಳಿಸಲಿಲ್ಲ. ಆ ಡೈರೆಕ್ಟರ್ ಹುಡುಗಿ ನಿಜವಾಗಿಯೂ ಒಳ್ಳೆಯವಳು. ಅಜ್ಜನನ್ನು ಕೊಲ್ಲಲಿಲ್ಲ, ಕಾಶಿಯಾತ್ರೆಗೆ ಕಳಿಸಿದಳು. ಇನ್ನೂ ಬಂದಿಲ್ಲ. ಆಗಾಗ ಮನೆಯವರು “ತಾತ ಫೋನ್ ಮಾಡಿದ್ರು” ಎನ್ನುತ್ತಾರೆ. ನಾನು ಈಗಲೂ ದಿನಾ ಸಂಜೆ ಕೂಡುತ್ತೇನೆ, ಆ ಗೋಡೆಯನ್ನು ನೋಡಲಿಕ್ಕೆ.

ಗಿರಿಜಾ ದಿನಾ ಫೋನ್ ಮಾಡುತ್ತಾಳೆ. “ಇವತ್ತ ಚೊಲೊ ಅದಾರ ಅಕ್ಕಾರ. ಒಂದ ಸಲ ಬಂದ ಹೋಗ್ರಿ” ಎನ್ನುತ್ತಾಳೆ. ನಮ್ಮವರು ಟಿಕೆಟ್ ಮಾಡಿಸುತ್ತೇನೆ ಎನ್ನುತ್ತಾರೆ. ನಾನು ಮೊಳಕಾಲು ನೋವು ಎನ್ನುತ್ತೇನೆ, ಬಿಸಿಲು ಎನ್ನುತ್ತೇನೆ, ನೆಕ್ಸ್ಟ್ ಮಂತ್ ಎನ್ನುತ್ತೇನೆ. ಗಾಬರಿಯ ಕಾರಣ ಮಾತ್ರ ಯಾರಿಗೂ ಹೇಳಿಲ್ಲ. ಅದು ತಿಕೋಟಾದ ಕಡೆಯ ದಿನದ್ದು, ನಾನು ಅವನನ್ನು ಕಡೆಯ ಸಲ ಕಂಡಾಗಿನದು.

ಆ ಸಂಜೆ ಪ್ಯಾಕಪ್ ಆಗಿ ಸಾಮಾನು ತುಂಬುತ್ತಿದ್ದರು. ಮಲ್ಲು ಕಾರಿನ ಬಾಗಿಲ ಹತ್ತಿರ ನಿಂತಿದ್ದ. ಶೆಡ್ಡಿನ ಹೆಂಗಸರು, ಊರ ಮಂದಿ ಸುತ್ತ ಮುತ್ತಿಕೊಂಡು ಒಬ್ಬೊಬ್ಬರಾಗಿ ಕೈ ಕುಲುಕಿ, ಫೋಟೋ ತೆಗೆಸಿಕೊಂಡು ಸರಿಯುತ್ತಿದ್ದರು. ನಾನು ಸಂದಿಮಾಡಿಕೊಂಡು ಮುಂದೆ ಹೋದೆ, ದಾರಿಗೆ ಉಪ್ಪಿಟ್ಟಿನ ಡಬ್ಬಿ ಕೊಡಬೇಕಿತ್ತು. ನನ್ನ ಸರದಿ ಬಂತು. ಅವನು ಎರಡೂ ಕೈ ಜೋಡಿಸಿದ.

“ನಮಸ್ಕಾರ ಅಮ್ಮ. ತುಂಬಾ ಸಂತೋಷ ಆಯ್ತು. ನಿಮ್ದು ಇದೇ ಊರಾ?”

ಒಂದು ತಪ್ಪಿಲ್ಲ, ಒಂದು ಸುಕ್ಕಿಲ್ಲ. ನನ್ನ ಮುಂದೆ ಹುಟ್ಟಿದಾಗಿನಿಂದ ಆಡದ ಭಾಷೆ. ನಾನು ಅವನ ಕಣ್ಣನ್ನೇ ನೋಡುತ್ತ ಕಾದೆ. ಈಗ ಒಂದು ಕಣ್ಣು ಮಿಟುಕಿಸುತ್ತಾನೆ, ಈಗ ತುಟಿಯ ತುದಿ ಅಲುಗುತ್ತದೆ, ಈಗ. ಅವನ ಕಣ್ಣು ಮೆತ್ತಗೆ, ಮರ್ಯಾದೆಯಿಂದ ನನ್ನ ಉತ್ತರಕ್ಕೆ ಕಾಯುತ್ತಿತ್ತು. ಅವನ ಹಿಂದೆ ನಿಂತ ಗಿರಿಜಾ ಮುಖ ಆಚೆ ತಿರುಗಿಸಿದಳು. ಪಕ್ಕದಲ್ಲಿ ಡೈರೆಕ್ಟರ್ ಹುಡುಗಿ ನಗುತ್ತ ನಮ್ಮಿಬ್ಬರನ್ನೇ ನೋಡುತ್ತಿದ್ದಳು, ಸರ್ ತಮಾಷೆ ಮಾಡುತ್ತಿದ್ದಾರೆಂದು.

ನನಗೆ ಇಂಗ್ಲಿಷ್ ಬರಲಿಲ್ಲ.

“ಇಲ್ರಿ,” ಎಂದೆ. “ವಿಜಾಪುರದಿಂದ ಬಂದೇನ್ರಿ. ನಿಮ್ಮನ್ನ ನೋಡಾಕಂತನ ಬಂದೇನಿ.”

“ಅಷ್ಟು ದೂರದಿಂದಾನಾ? ಬಹಳ ಒಳ್ಳೆ ಜನ ನೀವು ಈ ಕಡೆಯವರು,” ಎಂದು ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಒತ್ತಿಕೊಂಡ. ಆಮೇಲೆ ನನ್ನ ಹಿಂದೆ ನಿಂತವಳ ಕಡೆ ತಿರುಗಿ ಕೈ ಜೋಡಿಸಿದ. ನಾನು ಪಕ್ಕಕ್ಕೆ ಸರಿದೆ. ಕಾರು ಹೊರಟಾಗ ಕಿಟಕಿಯ ಗಾಜು ಇಳಿಸಿ ಎಲ್ಲರ ಕಡೆಗೂ ಕೈ ಬೀಸಿದ. ಹೆಂಗಸರೆಲ್ಲ ಬೀಸಿದರು. ಅವರ ನಡುವೆ ನಿಂತು ನಾನೂ ಬೀಸಿದೆ.